ಬೇಸಿಗೆಯ ಬೆಟ್ಟವೂ ಬಸ್ಸಿನ ಲೆಕ್ಕವೂ



ಬೇಸಿಗೆಯ ರಜೆ ಕಳೆದು ಶಾಲೆ ತೆರೆದ ಮೊದಲ ದಿನ ‘ರಜೆಯಲ್ಲಿ ಎಲ್ಲೆಲ್ಲಿಗೆ ಹೋಗಿದ್ದಿರಿ?’ ಎಂದು ನಾನು ತರಗತಿಯಲ್ಲಿ ಕೇಳುವುದುಂಟು. ಅಜ್ಜಿಯ ಮನೆ, ಮಾದಪ್ಪನ ಬೆಟ್ಟ, ಬಣ್ಣಾರಿ ಅಮ್ಮನ ಗುಡಿ ಎಂದು ಉತ್ತರಗಳು ಬರುತ್ತವೆ. ಕಳೆದ ಸಲ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಸಾರ್, ನಾವು ಊಟಿಗೆ ಹೋಗಿದ್ದೆವು, ಆದರೆ ಊಟಿಯನ್ನು ನೋಡಲಿಲ್ಲ” ಎಂದನು. ತರಗತಿಯೆಲ್ಲ ನಕ್ಕಿತು. ವಿಚಾರಿಸಲಾಗಿ, ಸಂಬಂಧಿಕರೆಲ್ಲ ಕೂಡಿ ವ್ಯಾನು ಮಾಡಿಕೊಂಡು ಹೊರಟವರು ಮೇಟುಪಾಳ್ಯ ದಾಟಿದ ಮೇಲೆ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು, ಊಟಿ ಸೇರುವ ವೇಳೆಗೆ ಸಸ್ಯೋದ್ಯಾನದ ಬಾಗಿಲು ಮುಚ್ಚಿತ್ತಂತೆ. ಬೀದಿಯಲ್ಲಿ ಚಹಾ ಕುಡಿದು, ಎರಡು ಪೊಟ್ಟಣ ವರ್ಕಿ ಕೊಂಡು, ಹಿಂದಿರುಗಿದರಂತೆ.

ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್ಕಾರ ಇನ್ನಷ್ಟು ಬಸ್ಸು ಬಿಟ್ಟರೆ ಎಲ್ಲ ಸರಿಹೋಗುವುದಿಲ್ಲವೇ, ಸಾರ್?” ಎಂದು ಕೇಳಿದಳು. “ಹೌದಮ್ಮ, ಸರಿಹೋಗುತ್ತದೆ” ಎಂದುಬಿಟ್ಟು ಪಾಠಕ್ಕೆ ತೊಡಗಿದೆ. ಸಂಜೆ ಮನೆಗೆ ನಡೆದು ಹೋಗುವಾಗ ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಅವಸರದಲ್ಲಿ ಹೇಳಿದ್ದನ್ನು ನಿಧಾನವಾಗಿ ತಿದ್ದಿಕೊಳ್ಳಲು ಈ ವಾರ್ಷಿಕ ಸಂಚಿಕೆಯ ನಾಲ್ಕು ಪುಟಗಳನ್ನು ಬಳಸಿಕೊಳ್ಳುತ್ತಿದ್ದೇನೆ. ತಂದೆತಾಯಿಗಳೂ ಓದಲಿ, ಏಕೆಂದರೆ ವ್ಯಾನು ಗೊತ್ತುಮಾಡುವವರು ಅವರೇ.

ಮೊದಲು ಸ್ಥಳದ ಪರಿಚಯ. ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಅದರ ಬುಡದಲ್ಲಿರುವ ಮೇಟುಪಾಳ್ಯವಾದರೋ ಸುಮಾರು 330 ಮೀಟರ್ ಎತ್ತರದಲ್ಲಿದೆ. ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿ ರಸ್ತೆ ಇಷ್ಟು ಎತ್ತರವನ್ನು ಏರಬೇಕು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲ್ಲಿವನ್ ಈ ಬೆಟ್ಟಕ್ಕೆ ಬಂದನು. ಊಟಿಯ ಕೆರೆಯನ್ನು ಕಟ್ಟಿಸಿದವನೂ ಅವನೇ. ಸಸ್ಯೋದ್ಯಾನವು 1848ರಲ್ಲಿ ಆರಂಭವಾಯಿತು. 1870ರಿಂದ ಮದರಾಸು ಸರ್ಕಾರವೇ ಬೇಸಿಗೆ ಬಂದೊಡನೆ ಕಡತಗಳನ್ನು ಕಟ್ಟಿಕೊಂಡು ಬೆಟ್ಟವೇರುತ್ತಿತ್ತು. ಮೇ ತಿಂಗಳ ಪುಷ್ಪ ಪ್ರದರ್ಶನ 1896ರಷ್ಟು ಹಳೆಯದು. ಅಂದರೆ ಏಪ್ರಿಲ್, ಮೇ, ಜೂನ್ ತಿಂಗಳ ಈ ‘ಸೀಸನ್’ ಎಂಬ ಪದ್ಧತಿ ಇಂದಿನದಲ್ಲ. ಆದರೆ ಆಗ ಬರುತ್ತಿದ್ದವರು ದೊರೆಗಳು, ಜಮೀನುದಾರರು, ಅವರ ಪರಿವಾರದವರು. ಬಂದವರು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಈಗ ಬರುವವರು ನಮ್ಮ ನಿಮ್ಮಂಥವರು. ಬೆಳಿಗ್ಗೆ ಹತ್ತಿ ಮರುದಿನವೇ ಇಳಿಯುವವರು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ. ಒಬ್ಬ ಮನುಷ್ಯ ಒಂದು ತಿಂಗಳು ಉಳಿದರೆ ರಸ್ತೆಗೆ ಒಂದು ಸಲ ಏರುವುದು, ಒಂದು ಸಲ ಇಳಿಯುವುದು. ಮೂವತ್ತು ಮಂದಿ ಒಂದೊಂದು ದಿನ ಉಳಿದರೆ ಹಾಸಿಗೆಯ ಲೆಕ್ಕ ಅಷ್ಟೇ, ರಸ್ತೆಯ ಲೆಕ್ಕ ಮೂವತ್ತರಷ್ಟು.

ವಾಹನಗಳು ಎಷ್ಟು? ಸೀಸನ್ನಿನ ದಿನಗಳಲ್ಲಿ ನೀಲಗಿರಿ ಜಿಲ್ಲೆಗೆ ದಿನವೊಂದಕ್ಕೆ ಸುಮಾರು 20,000 ವಾಹನಗಳು ಬರುತ್ತವೆಂದು 2024ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಮುಂದೆ ಲೆಕ್ಕ ಬಂತು. ಅವುಗಳಲ್ಲಿ ಕಾರುಗಳೇ ಹನ್ನೊಂದು ಸಾವಿರಕ್ಕೆ ಮೇಲ್ಪಟ್ಟು. ಬಸ್ಸುಗಳು ಆರುನೂರರ ಸುಮಾರು. 2011ರ ಜನಗಣತಿಯಂತೆ ಊಟಿ ಪಟ್ಟಣದ ಜನಸಂಖ್ಯೆ 88,430. ತೊಂಬತ್ತು ಸಾವಿರ ಜನರಿಗೂ ಸಾಕಷ್ಟು ಅಗಲವಿಲ್ಲದ ಬೀದಿಗಳಿಗೆ ಇಷ್ಟು ವಾಹನ ಬಂದರೆ ಏನಾಗಬೇಕು?

ನೀವು ದಿಂಬಂ ಘಾಟಿಯ 27 ತಿರುವುಗಳನ್ನು ಬಲ್ಲವರು. ಉದ್ದನೆಯ ಬಸ್ಸು ಹೇರ್‌ಪಿನ್ ತಿರುವಿನಲ್ಲಿ ರಸ್ತೆಯ ಪೂರ್ತಿ ಅಗಲವನ್ನೂ ತೆಗೆದುಕೊಂಡು ತಿರುಗುವಾಗ ಎದುರಿನ ವಾಹನ ಕೆಳಗೇ ನಿಂತು ಕಾಯುವುದನ್ನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೀರಿ. ಆದುದರಿಂದ ಈ ಲೆಕ್ಕ ನಿಮಗೆ ಸುಲಭ. ಒಂದು ತಿರುವಿನಲ್ಲಿ 6 ಸೆಕೆಂಡಿಗೆ ಒಂದರಂತೆ ವಾಹನಗಳು ದಾಟುತ್ತವೆ ಎಂದು ಇಟ್ಟುಕೊಳ್ಳೋಣ. ಗಂಟೆಗೆ 600 ಆಯಿತು. ಕೆಳಗಿನಿಂದ ಗಂಟೆಗೆ 600 ವಾಹನವೇ ಬಂದರೆ ತೊಂದರೆಯಿಲ್ಲ. 700 ಬಂದರೆ? ನೂರೇ ತಾನೇ ಹೆಚ್ಚು ಎನ್ನಬೇಡಿ. ಆ ನೂರು ಎಲ್ಲಿಯೂ ಹೋಗುವುದಿಲ್ಲ, ಅಲ್ಲೇ ನಿಲ್ಲುತ್ತವೆ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನಾಲ್ಕು ಗಂಟೆಯಲ್ಲಿ 400 ವಾಹನ ನಿಂತವು. ಒಂದಕ್ಕೆ 7 ಮೀಟರ್ ಜಾಗವೆಂದರೆ ಸಾಲಿನ ಉದ್ದ 2,800 ಮೀಟರ್. ಕೊನೆಯವನು ಕಾಯಬೇಕಾದ್ದು 40 ನಿಮಿಷ.

ಈಗ ಆ ತಿರುವಿನಲ್ಲಿ ಒಬ್ಬ ಅವಸರದವನು ಸಾಲು ಬಿಟ್ಟು ಬಲಗಡೆಯಿಂದ ನುಗ್ಗಿದನೆನ್ನಿ. ಎದುರಿನಿಂದ ಇಳಿಯುವ ಲಾರಿಗೆ ದಾರಿಯಿಲ್ಲ. ಹಿಂದೆ ಮುಂದೆ ಮಾಡಿ ಬಿಡಿಸಬೇಕು. ಇದರಿಂದ ಗಂಟೆಗೆ ದಾಟುವವು 600ರಿಂದ 500ಕ್ಕೆ ಇಳಿದವು. ಬರುವವು ಅದೇ 700. ನಾಲ್ಕು ಗಂಟೆಯಲ್ಲಿ ನಿಂತವು 800, ಸಾಲು ಐದೂವರೆ ಕಿಲೋಮೀಟರಿಗೂ ಉದ್ದ, ಕೊನೆಯವನು ಕಾಯುವುದು 96 ನಿಮಿಷ. ದಾರಿ ಆರನೆಯ ಒಂದು ಭಾಗ ಕುಗ್ಗಿದರೆ ಕಾಯುವ ಹೊತ್ತು ಎರಡರಷ್ಟಕ್ಕಿಂತ ಹೆಚ್ಚಾಯಿತು. ಸಂದಣಿಯ ಸ್ವಭಾವವೇ ಇದು. ಎಂಟನೆಯ ತರಗತಿಯವರು 550 ದಾಟಿದರೆ ಎಷ್ಟು ಎಂದು ತಾವೇ ಮಾಡಿ ನೋಡಬಹುದು. ಒಂದು ಘಾಟಿಯ ಕತೆಯಾಯಿತು. ಗೂಡಲೂರಿನ ಕಡೆಯಿಂದ, ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವುಗಳ ಮೂಲಕವೂ ಜನ ಬರುತ್ತಾರೆ. ಬಂಡೀಪುರದ ಕಾಡುದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದರಿಂದ, ಮೈಸೂರು ಬೆಂಗಳೂರುಗಳಿಂದ ಬಂದು ಗೇಟಿನ ಬಳಿ ನಿಂತವು ಬೆಳಗಾದೊಡನೆ ಒಟ್ಟಿಗೇ ಹೊರಡುತ್ತವೆ. ಕಾಡುಪ್ರಾಣಿಗಳಿಗೆ ಆ ನಿಷೇಧ ಬೇಕೇ ಬೇಕು. ಆದರೆ ವಾಹನಗಳು ಚದುರಿ ಬರುವ ಬದಲು ಗುಂಪಾಗಿ ಬರುತ್ತವೆ ಎಂಬುದೂ ನಿಜ.

ಇನ್ನು ಬಸ್ಸಿನ ಮಾತು. ಹನ್ನೊಂದೂವರೆ ಸಾವಿರ ಕಾರುಗಳು, ಕಾರಿಗೆ ನಾಲ್ವರು ಎಂದರೆ 46,000 ಜನ. ಅವರನ್ನೆಲ್ಲ ಐವತ್ತು ಆಸನಗಳ ಬಸ್ಸಿನಲ್ಲಿ ಕೂರಿಸಿದರೆ 920 ಸಲ ಬಸ್ಸು ಬೆಟ್ಟವೇರಿದರೆ ಸಾಕು. ಹನ್ನೊಂದೂವರೆ ಸಾವಿರವೆಲ್ಲಿ, 920 ಎಲ್ಲಿ! ನನ್ನ ವಿದ್ಯಾರ್ಥಿನಿ ಹೇಳಿದ್ದು ಸರಿ ಎಂದೇ ತೋರುತ್ತದೆ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ದಾರಿ ತೆರವಾಗಿದ್ದ ದಿನ ಒಂದು ಬಸ್ಸು ಮೇಟುಪಾಳ್ಯದಿಂದ ಊಟಿಗೆ ಹೋಗಿ ಬರುವುದನ್ನು ಎರಡು ಸಲ ಮಾಡಬಲ್ಲದು ಎನ್ನೋಣ. ಆಗ 460 ಬಸ್ಸು ಬೇಕು. ಕಾರುಗಳೂ ಅದೇ ದಾರಿಯಲ್ಲಿ ನಿಂತಿದ್ದರೆ ಬಸ್ಸೂ ಅವುಗಳ ಹಿಂದೆ ನಿಲ್ಲಬೇಕಷ್ಟೆ, ಅದಕ್ಕೇನು ರೆಕ್ಕೆಯಿದೆಯೇ? ಎರಡು ಸಲ ಹೋಗುತ್ತಿದ್ದುದು ಒಂದು ಸಲ ಹೋಗುತ್ತದೆ. ಅಷ್ಟೇ ಜನಕ್ಕೆ ಈಗ 920 ಬಸ್ಸು ಬೇಕಾಯಿತು. ಅಂದರೆ ಬಸ್ಸು ಹೆಚ್ಚು ಬೇಕಾದ ದಿನವೇ ಇರುವ ಬಸ್ಸಿನ ಕೆಲಸ ಅರ್ಧವಾಗುತ್ತದೆ. ಬಸ್ಸು ನಿಧಾನವೆಂದು ಕಂಡವನು ಮುಂದಿನ ಸಲ ಕಾರು ತರುತ್ತಾನೆ, ಕಾರು ಹೆಚ್ಚಾಗಿ ಬಸ್ಸು ಇನ್ನೂ ನಿಧಾನವಾಗುತ್ತದೆ. ಹಗ್ಗದ ಈ ಗಂಟನ್ನು ಎಲ್ಲಿ ಹಿಡಿದು ಬಿಚ್ಚಬೇಕೆಂಬುದೇ ಪ್ರಶ್ನೆ.

ಅದೂ ಅಲ್ಲದೆ ಬಸ್ಸು ಎಲ್ಲಿಂದ ಬರಬೇಕು? ಎರಡು ತಿಂಗಳಿಗಾಗಿ ನಾಲ್ಕುನೂರು ಬಸ್ಸು ಕೊಂಡರೆ ಉಳಿದ ಹತ್ತು ತಿಂಗಳು ಅವಕ್ಕೆ ಏನು ಕೆಲಸ? ಚಾಲಕರಿಗೆ, ನಿರ್ವಾಹಕರಿಗೆ ಸಂಬಳ ಯಾರು ಕೊಡಬೇಕು? ಕೊಳ್ಳುವುದಿಲ್ಲವೆಂದರೆ ಬೇರೆ ಊರುಗಳ ದಾರಿಯಿಂದ ಬಸ್ಸನ್ನು ಕಿತ್ತು ತರಬೇಕು. ಯಾವುದೋ ಹಳ್ಳಿಯ ಬೆಳಗಿನ ಬಸ್ಸು ಬೆಟ್ಟದ ಪ್ರವಾಸಿಗರನ್ನು ಹೊರಲು ಹೋದರೆ, ಆ ಹಳ್ಳಿಯವರು ಸಂತೆಗೆ ಹೇಗೆ ಹೋಗಬೇಕು? ದಿನಕ್ಕೆ ಎಣಿಸಿದಷ್ಟೇ ಬಸ್ಸು ಕಾಣುವ ನಮ್ಮ ತಾಳವಾಡಿ ಫಿರ್ಕಾದ ಊರುಗಳವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಯಲುಸೀಮೆಯಲ್ಲಿ ನಿಪುಣನಾದ ಚಾಲಕನನ್ನು ಘಾಟಿಯ ಇಳಿಜಾರಿಗೆ ಏಕಾಏಕಿ ಕಳುಹಿಸುವಂತೆಯೂ ಇಲ್ಲ.

ಬಸ್ಸಿನ ಈ ಮಿತಿ ನನಗೆ ಪುಸ್ತಕದಿಂದ ತಿಳಿದುದಲ್ಲ. ನನ್ನ ಅಕ್ಕನನ್ನು ಕೂನೂರಿಗೂ ಊಟಿಗೂ ನಡುವಣ ಒಂದು ಹಳ್ಳಿಗೆ ಕೊಟ್ಟಿದೆ. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರು ಅಲ್ಲಿದ್ದಾಗ ಕಣ್ಣಿನ ಪರೀಕ್ಷೆಗೆಂದು ಊಟಿಗೆ ಹೋಗಬೇಕಾಗಿತ್ತು. ಮೇ ತಿಂಗಳು, ಶನಿವಾರ, ಪುಷ್ಪ ಪ್ರದರ್ಶನದ ವಾರ. ನಾನು ಜೊತೆಗಿದ್ದೆ. ಎಂಟು ಗಂಟೆಗೇ ಬಸ್ ಸ್ಟಾಪಿಗೆ ಬಂದು ನಿಂತೆವು. ಮೊದಲ ಬಸ್ಸು ನಿಲ್ಲಲಿಲ್ಲ. ಎರಡನೆಯದು ನಿಂತಂತೆ ಮಾಡಿತು. ಮೆಟ್ಟಿಲ ಮೇಲೆ ಜೋತುಬಿದ್ದಿದ್ದವರ ನಡುವಿನಿಂದ ನಿರ್ವಾಹಕ “ಇಡಮಿಲ್ಲೆ, ಇಡಮಿಲ್ಲೆ” ಎಂದು ಕೈಯಾಡಿಸಿದ. ಜಾಗವಿಲ್ಲ ಎಂದರ್ಥ. ಅವನ ತಪ್ಪಲ್ಲ, ಕೆಳಗಿನಿಂದಲೇ ಬಸ್ಸು ತುಂಬಿ ಬಂದಿತ್ತು. ನಮ್ಮೊಡನೆ ನಿಂತಿದ್ದವರಲ್ಲಿ ಚಹಾ ತೋಟದ ಹೆಂಗಸರಿಬ್ಬರು, ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಹುಡುಗ, ಕೈಯಲ್ಲಿ ಊಟದ ಡಬ್ಬಿ ಹಿಡಿದ ಮುದುಕರು ಇದ್ದರು. ತೋಟದ ಹೆಂಗಸರಲ್ಲಿ ಒಬ್ಬಳು ಬಡಗ ಭಾಷೆಯಲ್ಲಿ ಏನೋ ಹೇಳಿ ನಕ್ಕಳು. ಆ ಮಾತು ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ ನನಗೆ ಪೂರ್ತಿ ತಿಳಿಯಿತು: ಬೆಟ್ಟ ನಮ್ಮದು, ಬಸ್ಸು ಅವರದು.

ಮೂರನೆಯ ಬಸ್ಸಿನಲ್ಲಿ ಹೇಗೋ ನುಸುಳಿದೆವು. ಯಾರೋ ಪುಣ್ಯಾತ್ಮರು ಅಮ್ಮನಿಗೆ ಎದ್ದು ಜಾಗ ಕೊಟ್ಟರು. ಊಟಿ ಇನ್ನೇನು ಎರಡು ಮೈಲಿ ಇರುವಾಗ ಬಸ್ಸು ನಿಂತಿತು. ಅರ್ಧ ಗಂಟೆ ಕಾದು, ಇಳಿದು, ನಿಧಾನವಾಗಿ ನಡೆದೆವು. ನಿಂತ ಕಾರುಗಳ ಸಾಲಿನ ಪಕ್ಕದಲ್ಲಿ, ಹೊಗೆ ಕುಡಿಯುತ್ತಾ, ಎಪ್ಪತ್ತು ದಾಟಿದ ಅಮ್ಮ ನನ್ನ ತೋಳು ಹಿಡಿದು ನಡೆದರು. ನಾವು ತಲಪುವಾಗ ವೈದ್ಯರು ಅಂದಿನ ಸರದಿ ಮುಗಿಸಿ ಹೊರಟಿದ್ದರು. ಸೋಮವಾರ ಬನ್ನಿ ಎಂದರು. ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, “ಹೂವು ನೋಡೋಕೆ ಬಂದೋರಿಗೆ ದಾರಿ ಐತೆ, ಕಣ್ಣು ತೋರಿಸೋಕೆ ಬಂದೋರಿಗೆ ಇಲ್ವಲ್ಲೋ” ಎಂದರು. ಅವರಿಗೆ ನಾನು ಉತ್ತರ ಹೇಳಲಿಲ್ಲ. ಆ ಹೂವು ನೋಡಲು ಬಂದವರಲ್ಲಿ ಹಿಂದಿನ ವರ್ಷ ನಾನೂ ನನ್ನ ಮಕ್ಕಳೂ ಇದ್ದೆವು.

ಹಾಗಾದರೆ ರೈಲು? ಊಟಿಯ ಚಿಕ್ಕ ರೈಲನ್ನು ಎಲ್ಲರೂ ಚಿತ್ರದಲ್ಲಿ ನೋಡಿದ್ದೀರಿ. ಮೇಟುಪಾಳ್ಯದಿಂದ ಕೂನೂರಿನವರೆಗೆ 1899ರಲ್ಲಿ ಓಡಿದ ಅದು 1908ರಲ್ಲಿ ಊಟಿಯ ಕಡೆಗೆ ಮುಂದುವರಿಯಿತು. ಒಟ್ಟು ದೂರ 46 ಕಿಲೋಮೀಟರ್. 16 ಸುರಂಗಗಳು, 250 ಸೇತುವೆಗಳು, 208 ತಿರುವುಗಳು. ಕಲ್ಲಾರಿನಿಂದ ಕೂನೂರಿನವರೆಗೆ 12 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವಷ್ಟು ಕಡಿದು. ಇಂತಹ ಏರಿನಲ್ಲಿ ನುಣುಪಾದ ಹಳಿಯ ಮೇಲೆ ಚಕ್ರ ಜಾರುತ್ತದೆ. ಅದಕ್ಕಾಗಿ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಕಬ್ಬಿಣದ ಪಟ್ಟಿಯನ್ನು ಕೂರಿಸಿ, ಎಂಜಿನ್ನಿನ ಹಲ್ಲುಚಕ್ರ ಆ ಪಟ್ಟಿಯನ್ನು ಕಚ್ಚಿಕೊಂಡು ಏರುವಂತೆ ಮಾಡಿದ್ದಾರೆ. ಸೈಕಲ್ಲಿನ ಹಲ್ಲುಚಕ್ರ ಚೈನನ್ನು ಕಚ್ಚುವುದನ್ನು ನೋಡಿದರೆ ತಿಳಿಯುತ್ತದೆ. ರೋಮನ್ ಆಪ್ಟ್ ಎಂಬ ಸ್ವಿಸ್ ಎಂಜಿನಿಯರ್ ಕಂಡುಹಿಡಿದ ವಿಧಾನವಿದು. ಎಂಜಿನ್ ಮುಂದೆ ನಿಂತು ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಎಲ್ಲ ಸರಿ, ಆದರೆ ಹಲ್ಲುಪಟ್ಟಿಯ ಭಾಗದಲ್ಲಿ ವೇಗ ಗಂಟೆಗೆ ಹದಿಮೂರು ಕಿಲೋಮೀಟರಿನ ಸುಮಾರು. ಏರಲು ಹೆಚ್ಚುಕಡಮೆ ಐದು ಗಂಟೆ ಬೇಕು. ಹಳಿ ಒಂದೇ, ಎದುರಿನ ಗಾಡಿ ಬಂದರೆ ನಿಲ್ದಾಣದಲ್ಲಿಯೇ ಕಾಯಬೇಕು. ಆ ಕಡಿದಿನಲ್ಲಿ ನೂಕಬಹುದಾದ ಡಬ್ಬಿಗಳು ನಾಲ್ಕೈದೇ. ಅಂತೂ ಒಂದು ಗಾಡಿ ಏರಿಸುವುದು ಕೆಲವು ನೂರು ಜನರನ್ನು ಮಾತ್ರ. ನಾವು ಎಣಿಸಿದ ಕಾರಿನ ಜನ 46,000. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಗಾಡಿಯೇ ಇಲ್ಲ. ರೈಲು ಬೆಟ್ಟದ ಒಡವೆಯೆನ್ನಬಹುದು. ಒಡವೆಯನ್ನು ಅಡವಿಟ್ಟು ಎಷ್ಟು ದಿನ ಸಂಸಾರ ನಡೆಯುತ್ತದೆ?

ರಸ್ತೆಯ ಮೇಲೂ ಉಪಾಯಗಳು ನಡೆದಿವೆ. ಸೀಸನ್ನಿನಲ್ಲಿ ಪ್ರವಾಸಿ ವಾಹನಗಳು ಕೂನೂರಿನ ದಾರಿಯಲ್ಲಿ ಏರಿ ಕೋಟಗಿರಿಯ ದಾರಿಯಲ್ಲಿ ಇಳಿಯುವಂತೆ ಏರ್ಪಾಡು ಮಾಡುವುದುಂಟು. ತಿರುಮಲದಲ್ಲಿ 1944ರ ಹಳೆಯ ಘಾಟ್ ರಸ್ತೆ ಇಳಿಯಲು, 1974ರ ಹೊಸ ರಸ್ತೆ ಏರಲು ಬಳಕೆಯಾಗುವಂತೆಯೇ ಇದು. ಎದುರಿನ ವಾಹನವಿಲ್ಲದಿದ್ದರೆ ತಿರುವಿನಲ್ಲಿ ಕಾಯುವುದು ತಪ್ಪುತ್ತದೆ. ಇದರಿಂದ ಏರಲು ಅನುಕೂಲವೇನೋ ಆಯಿತು, ಆದರೆ ಏರಿದ ಮೇಲೆ ನಿಲ್ಲಲು ಜಾಗ ಹುಟ್ಟಲಿಲ್ಲ. ಪಟ್ಟಣದೊಳಗೆ ಪ್ರವಾಸಿಗರನ್ನು ಕೆರೆ, ಉದ್ಯಾನ, ದೊಡ್ಡಬೆಟ್ಟಗಳಿಗೆ ಕರೆದೊಯ್ಯುವ ಸುತ್ತು ಬಸ್ಸುಗಳನ್ನೂ ಇತ್ತೀಚಿನ ವರ್ಷಗಳಲ್ಲಿ ಬಿಟ್ಟಿದ್ದಾರೆ. ಕಾರನ್ನು ಒಂದೆಡೆ ನಿಲ್ಲಿಸಿ ಅವನ್ನು ಹತ್ತುವವರಿಗೆ ಅದು ಒಳ್ಳೆಯದೇ.

ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿತು. ಮೊದಲ ವರ್ಷ ಕೇಳಿದವರಿಗೆಲ್ಲ ಪಾಸ್ ಸಿಕ್ಕಿತು. ಅದು ಎಣಿಕೆಗೆ ನೆರವಾಯಿತೇ ಹೊರತು ತಡೆಯಾಗಲಿಲ್ಲ. 2025ರಲ್ಲಿ ಏಪ್ರಿಲ್ 1ರಿಂದ ಜೂನ್ ಕೊನೆಯವರೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ ಎಂದು ಮಿತಿ ಹಾಕಿದರು. ಸರ್ಕಾರಿ ಬಸ್ಸಿಗೂ ರೈಲಿಗೂ, ಸ್ಥಳೀಯರ ವಾಹನಗಳಿಗೂ, ತರಕಾರಿ ಮುಂತಾದ ಬೆಳೆ ಸಾಗಿಸುವ ಗಾಡಿಗಳಿಗೂ ಈ ಮಿತಿಯಿರಲಿಲ್ಲ. ಬೆಟ್ಟದ ವ್ಯಾಪಾರಿಗಳು ಇದನ್ನು ವಿರೋಧಿಸಿ ಆ ಏಪ್ರಿಲ್ಲಿನಲ್ಲಿ ಅಂಗಡಿಗಳನ್ನು ಮುಚ್ಚಿದರು. ಅವರ ದುಃಖವನ್ನು ತಳ್ಳಿಹಾಕುವಂತಿಲ್ಲ. ಎರಡು ತಿಂಗಳ ವ್ಯಾಪಾರದಲ್ಲಿ ವರ್ಷದ ಬಾಡಿಗೆ, ಮಕ್ಕಳ ಫೀಸು ಹುಟ್ಟಬೇಕಾದವನಿಗೆ ಒಂದು ಕಾರು ಕಡಮೆಯಾದರೂ ಎದೆ ಧಸಕ್ಕೆನ್ನುತ್ತದೆ. ಆದರೂ ನನ್ನ ಅಭಿಪ್ರಾಯವನ್ನು ಮರೆಮಾಡುವುದಿಲ್ಲ: ಮಿತಿ ಬೇಕು. ನಿಲ್ಲಿಸಬೇಕಾದ್ದು ಜನರನ್ನಲ್ಲ, ಕಾರನ್ನು. ಕಾರು ನಿಂತ ಜಾಗದಲ್ಲಿ ಬಸ್ಸು ಸಿದ್ಧವಾಗಿರಬೇಕು. ಈ ಎರಡರಲ್ಲಿ ಒಂದನ್ನೇ ಮಾಡಿದರೆ ಕೆಲಸ ಕೆಡುತ್ತದೆ.

ಹೀಗೆ ಮಾಡಿದ ಸ್ಥಳಗಳಿವೆಯೇ ಎಂದರೆ, ದೂರ ಹೋಗಬೇಕಿಲ್ಲ. ಗುಂಡ್ಲುಪೇಟೆಯ ಬಳಿಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ವಾಹನಗಳನ್ನು ಬುಡದಲ್ಲಿಯೇ ನಿಲ್ಲಿಸಿ, ಭಕ್ತರನ್ನು ಸರ್ಕಾರಿ ಬಸ್ಸಿನಲ್ಲಿ ಮೇಲಕ್ಕೆ ಕರೆದೊಯ್ಯುತ್ತಾರೆ. ನಮ್ಮಲ್ಲಿ ಅನೇಕರು ಆ ಬಸ್ಸು ಹತ್ತಿದ್ದೇವೆ. 2018ರ ಪ್ರವಾಹದ ನಂತರ ಶಬರಿಮಲೆಯ ಯಾತ್ರೆಯಲ್ಲಿ ನಿಲಯ್ಕಲ್‌ನಲ್ಲಿ ವಾಹನ ನಿಲ್ಲಿಸಿ ಪಂಪೆಯವರೆಗೆ ಕೇರಳದ ಸರ್ಕಾರಿ ಬಸ್ಸುಗಳು ಒಂದರ ಹಿಂದೊಂದು ಓಡಿದವು. ಮಾಲೆ ಹಾಕಿ ಹೋಗಿ ಬಂದ ಹಿರಿಯರನ್ನು ಕೇಳಿ. ಸ್ವಿಟ್ಜರ್‌ಲೆಂಡಿನ ಜೆರ್ಮಾಟ್ ಎಂಬ ಬೆಟ್ಟದೂರಿಗೆ ಪ್ರವಾಸಿಗರ ಕಾರು ಹೋಗುವಂತಿಲ್ಲ. ಐದು ಕಿಲೋಮೀಟರ್ ಈಚೆಯ ಟೇಶ್ ಎಂಬಲ್ಲಿ ನಿಲ್ಲಿಸಿ ರೈಲು ಹತ್ತಬೇಕು. ಮಹಾರಾಷ್ಟ್ರದ ಮಾಥೇರಾನಿನಲ್ಲಿಯೂ ಪ್ರವಾಸಿಗರ ಮೋಟಾರು ಊರಾಚೆಯೇ ನಿಲ್ಲಬೇಕು.

ಈ ಉದಾಹರಣೆಗಳನ್ನು ಕೊಟ್ಟು ಸುಮ್ಮನಾದರೆ ಮತ್ತೆ ಅವಸರದ ಉತ್ತರವಾದೀತು. ಇಲ್ಲೆಲ್ಲ ದಾರಿ ಚಿಕ್ಕದು, ಸೇರುವ ಜಾಗ ಒಂದೇ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಊರಿಲ್ಲ, ಆಸ್ಪತ್ರೆಯಿಲ್ಲ, ಶಾಲೆಯಿಲ್ಲ. ನೀಲಗಿರಿಯಲ್ಲಾದರೋ 2011ರ ಲೆಕ್ಕದಂತೆ 7,35,394 ಜನರ ಒಂದು ಜಿಲ್ಲೆಯೇ ಇದೆ. ಬರುವವರು ಕೂನೂರು, ಕೋಟಗಿರಿ, ಪೈಕಾರ, ಮುದುಮಲೆ ಎಂದು ಚದುರಿ ಹೋಗುತ್ತಾರೆ. ಕೈಗೂಸು, ಎರಡು ಪೆಟ್ಟಿಗೆ, ಬುತ್ತಿಯ ಗಂಟು ಇಟ್ಟುಕೊಂಡ ಸಂಸಾರವನ್ನು ಮೂರು ಬಸ್ಸು ಬದಲಿಸಿ ಎಂದರೆ ಒಪ್ಪುವುದು ಕಷ್ಟ. ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿಯೇ ಭಾನುವಾರ ಬಸ್ಸಿಗೆ ನಿಲ್ಲುವ ಸಾಲು ಎಷ್ಟೆಂದು ಬಲ್ಲಿರಿ. ಅಂಥದರಲ್ಲಿ ಕಲ್ಲಾರಿನಲ್ಲಿ ಸಾವಿರಾರು ಕಾರು ನಿಲ್ಲಿಸಲು ಎಷ್ಟು ಎಕರೆ ಬೇಕು? ಅಲ್ಲಿ ಆನೆಯ ದಾರಿಯೂ ಇದೆ, ಅಡಿಕೆ ತೋಟವೂ ಇದೆ.

ಆದುದರಿಂದ ಆ ಹುಡುಗಿಗೆ ನಾನು ಈಗ ಕೊಡುವ ಉತ್ತರ ಹೀಗಿದೆ. ಬಸ್ಸು ಹೆಚ್ಚು ಬೇಕು, ಆದರೆ ಕಾರು ಕಡಮೆಯಾಗದೆ ಬಸ್ಸು ಹೆಚ್ಚಿಸಿದರೆ ಸಾಲು ಉದ್ದವಾಗುತ್ತದೆಯಷ್ಟೆ. ಬಂದ ಬಸ್ಸುಗಳಲ್ಲಿ ಕೆಲವನ್ನಾದರೂ ಬೆಟ್ಟದ ಹಳ್ಳಿಗಳವರಿಗೆಂದೇ ಮೀಸಲಿಡಬೇಕು. ಆ ಬಸ್ಸು ಮೇಟುಪಾಳ್ಯದಿಂದ ತುಂಬಿಕೊಂಡು ಬರಬಾರದು, ಕೂನೂರಿನಿಂದಲೇ ಖಾಲಿಯಾಗಿ ಹೊರಡಬೇಕು. ಇಷ್ಟನ್ನು ಬರೆದು ಅಕ್ಕನಿಗೆ ಓದಿ ಹೇಳಿದೆ. ಅವಳು, “ಅದೆಲ್ಲ ಇರಲಿ, ಮೇ ತಿಂಗಳಲ್ಲಿ ನೀವು ಬರೋದಾದರೆ ಮಂಗಳವಾರ ಬನ್ನಿ” ಎಂದಳು.

ಈಗ ನಿಮಗೊಂದು ಕೆಲಸ. ಮುಂದಿನ ಏಪ್ರಿಲ್ ತಿಂಗಳ ಒಂದು ಶನಿವಾರ ಮತ್ತು ಒಂದು ಬುಧವಾರ, ತಾಳವಾಡಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು (ರಸ್ತೆಗೆ ಇಳಿಯಕೂಡದು), ಬೆಳಿಗ್ಗೆ 7ರಿಂದ 9ರವರೆಗೆ ಬಂದ ಬಸ್ಸುಗಳೆಷ್ಟು, ಬರಬೇಕಾಗಿದ್ದವು ಎಷ್ಟು, ಹತ್ತಲಾಗದೆ ಉಳಿದ ಜನರೆಷ್ಟು ಎಂದು ಬರೆದಿಟ್ಟುಕೊಳ್ಳಿ. ಇಬ್ಬಿಬ್ಬರು ಸೇರಿ ಮಾಡಿದರೆ ಎಣಿಕೆ ತಪ್ಪುವುದಿಲ್ಲ. ಶಾಲೆ ತೆರೆದ ಮೊದಲ ವಾರ ಆ ಕಾಗದಗಳನ್ನು ನನ್ನ ಮೇಜಿನ ಮೇಲೆ ಇಡಿ.